ಬಡಾವಣೆಯವರೇ ಸೇರಿ ದಿನಸಿ ಅಂಗಡಿ ತೆರೆಯುವುದಾದರೆ: ಮೊದಲು ಸಾಮಾನು ಚೀಟಿ, ಆಮೇಲೆ ಷೇರು

ಸಹಕಾರಿ ದಿನಸಿ ಅಂಗಡಿ ಶುರು ಮಾಡಬೇಕು ಅಂತ ಬರುವವರು ಮೊದಲು ಕೇಳುವುದು, ‘ಮೇಡಂ, ಷೇರು ಎಷ್ಟು ರೂಪಾಯಿ ಇಡೋಣ?’ ಷೇರು ಅಂದರೆ ಸದಸ್ಯರಾಗುವವರು ಹಾಕುವ ಬಂಡವಾಳ, ಅದರ ಮಾತು ಆಮೇಲೆ. ಮೊದಲು ನಿಮ್ಮ ಬೀದಿಯ ಐವತ್ತು ಮನೆಗಳ ತಿಂಗಳ ಸಾಮಾನು ಚೀಟಿ ತನ್ನಿ. ಐನೂರು ರೂಪಾಯಿ ಷೇರು ಕೊಡುವುದಕ್ಕೆ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಪ್ರತಿ ತಿಂಗಳೂ ಅದೇ ಅಂಗಡಿಗೆ ಬಂದು ಅಕ್ಕಿ ಬೇಳೆ ಒಯ್ಯುತ್ತಾರಾ ಅನ್ನುವುದು ಬೇರೆ ವಿಷಯ. ಅಂಗಡಿ ಉಳಿಯುವುದು ಅದರ ಮೇಲೆ.

ಮೈಸೂರಿನ ಒಂದು ಬಡಾವಣೆಯಲ್ಲಿ ನಮ್ಮದೇ ಗ್ರಾಹಕರ ಸಹಕಾರ ಸಂಘ ಇದೆ. ಅದರ ಅಂಗಡಿಗೆ ಖರೀದಿ ನೋಡಿಕೊಳ್ಳುವವಳು ನಾನು. ಹಾಗಾಗಿ ಕಾನೂನಿಗಿಂತ ಬೇಳೆಯ ಮಾತೇ ಇಲ್ಲಿ ಜಾಸ್ತಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಚೀಟಿ ಬರೆಸುವಾಗ ಸುಮ್ನೆ ‘ಅಕ್ಕಿ 25 ಕೆಜಿ’ ಅಂತ ಬರೆಸಿದರೆ ಪ್ರಯೋಜನ ಇಲ್ಲ. ಸೋನಾ ಮಸೂರಿಯಾ, ಆರ್‌ಎನ್‌ಆರ್ ಅಕ್ಕಿಯಾ? ಹಳೆಯದಾ, ಹೊಸದಾ? ಸ್ಟೀಮ್ ಅಕ್ಕಿ ಆದರೂ ಆಗುತ್ತದಾ? ಅಡುಗೆ ಎಣ್ಣೆ ಯಾವುದು, ಯಾವ ಬ್ರ್ಯಾಂಡು? ಈಗ ಎಲ್ಲಿ ತರುತ್ತಾರೆ, ಎಷ್ಟು ಕೊಡುತ್ತಾರೆ? ದುಡ್ಡು ಕೊಟ್ಟು ತರುತ್ತಾರೋ, ಬರೆಸಿ ತರುತ್ತಾರೋ? ಕೊನೆಯದನ್ನು ನಾಜೂಕಾಗಿ ಕೇಳಿ, ಆದರೆ ಕೇಳದೇ ಬಿಡಬೇಡಿ. ತಿಂಗಳ ಕೊನೆಗೆ ಸಂಬಳ ಬಂದಾಗ ಲೆಕ್ಕ ಚುಕ್ತಾ ಮಾಡುವ ಮನೆಗಳಿಗೆ ನಗದು ಅಂಗಡಿಯಿಂದ ಉಪಯೋಗ ಕಡಿಮೆ. ಅದು ನಿಮಗೆ ಮೊದಲೇ ಗೊತ್ತಿರಬೇಕು.

ಚೀಟಿಗಳು ಕೈಗೆ ಬಂದ ಮೇಲೂ ಮಳಿಗೆ ಹುಡುಕಲು ಹೊರಡಬೇಡಿ. ಯಾರದಾದರೂ ಮನೆಯ ಕಾರ್ ಶೆಡ್ಡಿನಲ್ಲಿ ನಾಲ್ಕೇ ಸಾಮಾನು ಒಟ್ಟಿಗೆ ತರಿಸಿ ಹಂಚಿ. ಅಕ್ಕಿ, ತೊಗರಿಬೇಳೆ, ಬೆಲ್ಲ, ಎಣ್ಣೆ ಸಾಕು. ದುಡ್ಡು ಮುಂಗಡ. ಆರು ತಿಂಗಳು ಹೀಗೆ ನಡೆದರೆ ಯಾರು ಕೆಲಸಕ್ಕೆ ಬರುತ್ತಾರೆ, ಯಾರು ವಾಟ್ಸ್ಆ್ಯಪ್‌ನಲ್ಲಿ ಹೆಬ್ಬೆರಳು ತೋರಿಸುವುದಕ್ಕಷ್ಟೇ ಇದ್ದಾರೆ ಅನ್ನುವುದು ತಾನಾಗೇ ಗೊತ್ತಾಗುತ್ತದೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ತೆರೆದ ಅಂಗಡಿಯಲ್ಲೂ ಮೊದಲಿಗೆ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದಬತ್ತಿ, ಇಷ್ಟೇ. ಇವತ್ತಿನ ಸಹಕಾರಿ ಅಂಗಡಿಗಳ ನಿಯಮಗಳೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಬಂದವು.

ತೊಗರಿಬೇಳೆ ತರುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂಗಡಿಯ ಹೆಸರು ನಿಲ್ಲುವುದೂ ಕೆಡುವುದೂ ಬೇಳೆಯಿಂದಲೇ. ಬಂಡೀಪಾಳ್ಯದ ಎಪಿಎಂಸಿಗೋ ಸಂತೇಪೇಟೆಗೋ ಹೋದಾಗ ಮಂಡಿಯವರು ಚೀಲದ ಬಾಯಿ ಬಿಚ್ಚಿ ಮೇಲಿನ ಬೇಳೆ ತೋರಿಸುತ್ತಾರೆ. ನೀವು ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯಿರಿ. ಅಂಗೈಯಲ್ಲಿ ಉಜ್ಜಿದರೆ ಪುಡಿ ಎಷ್ಟು, ನುಚ್ಚು ಎಷ್ಟು ಗೊತ್ತಾಗುತ್ತದೆ. ಕನ್ನಡಿಯ ಹಾಗೆ ಹೊಳೆಯುವ ಬೇಳೆಗೆ ಪಾಲಿಶ್ ಆಗಿದೆ ಅಂತಲೇ ಅರ್ಥ. ಕಲಬುರಗಿ ತೊಗರಿಗೆ ಜಿಐ ಮಾನ್ಯತೆ (ಆ ಪ್ರದೇಶದ್ದೇ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕ ಮೇಲೆ ಕಂಡ ಕಂಡ ಬೇಳೆಯೆಲ್ಲ ‘ಕಲಬುರಗಿ ಬೇಳೆ’ ಆಗಿದೆ. ಹೆಸರಿಗೆ ದುಡ್ಡು ಕೊಡಬೇಡಿ. ಅರ್ಧ ಕೆಜಿ ಸ್ಯಾಂಪಲ್ ತಂದು ಎರಡು ಮನೆಯಲ್ಲಿ ಬೇಯಿಸಿ. ಒಂದು ಕಾವೇರಿ ನೀರು ಬರುವ ಮನೆ, ಇನ್ನೊಂದು ಬೋರ್‌ವೆಲ್ ನೀರಿನ ಮನೆ. ಬೋರ್ ನೀರಿನಲ್ಲೂ ಬೆಂದರೆ ಧೈರ್ಯವಾಗಿ ಚೀಲಗಟ್ಟಲೆ ತನ್ನಿ.

ಚೀಲ ಬಂದ ತಕ್ಷಣ ತೂಕ ಹಾಕಿ, ಖಾಲಿ ಚೀಲದ ತೂಕ ಕಳೆದು ಬರೆದಿಡಿ. ಐವತ್ತು ಕೆಜಿ ಚೀಲ ಬಿಡಿಸಿ ಒಂದೊಂದು ಕೆಜಿ ಕಟ್ಟಿದರೆ ಐವತ್ತು ಪೊಟ್ಟಣ ಆಗುವುದಿಲ್ಲ. ಚೆಲ್ಲುತ್ತದೆ, ಪುಡಿ ಹೋಗುತ್ತದೆ, ಪ್ರತಿ ಸಲ ನಾಲ್ಕು ಕಾಳು ಜಾಸ್ತಿ ಬೀಳುತ್ತದೆ. ಈ ಸವಕಳಿಯನ್ನು ದರ ಹಾಕುವಾಗಲೇ ಸೇರಿಸಿಕೊಳ್ಳಿ. ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಸೀಲ್ ಹಾಕಿಸಲೇಬೇಕು. ಸದಸ್ಯರ ಕಣ್ಣು ಮೊದಲು ಬೀಳುವುದು ತಕ್ಕಡಿಯ ಮೇಲೆ.

ಈಗ ಲೆಕ್ಕ. ಸುಮ್ನೆ ಉದಾಹರಣೆಗೆ ಹೇಳುತ್ತೇನೆ, ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ. 150 ಮನೆಯವರು ತಿಂಗಳಿಗೆ ತಲಾ 4,000 ರೂಪಾಯಿ ಸಾಮಾನು ಕೊಂಡರೆ ವ್ಯಾಪಾರ ಆರು ಲಕ್ಷ. ಎಲ್ಲ ಸೇರಿ ನೂರಕ್ಕೆ ಹತ್ತು ಉಳಿದರೆ 60,000. ಬಾಡಿಗೆ 15,000, ಇಬ್ಬರ ಸಂಬಳ 30,000, ಕರೆಂಟು, ಹಮಾಲಿ, ಗಾಡಿ ಬಾಡಿಗೆ 6,000. ಕೈಯಲ್ಲಿ 9,000 ಉಳಿಯಿತು. ಅದೇ 150 ಸದಸ್ಯರಲ್ಲಿ 60 ಜನ ಮಾತ್ರ ಕೊಂಡರೆ? ಉಳಿಕೆ 24,000. ಸಂಬಳಕ್ಕೇ ಸಾಲದು. ಷೇರು ಹಣ ಕರಗುವುದು ಹೀಗೆ. ಅಕ್ಕಿಯಲ್ಲಿ ನೂರಕ್ಕೆ ಹತ್ತು ಸಿಗುವುದೂ ಕಷ್ಟ. ಮಸಾಲೆ ಪದಾರ್ಥ, ಮೆಣಸಿನಕಾಯಿ, ಡ್ರೈ ಫ್ರೂಟ್ಸ್ ಅದನ್ನು ಸರಿದೂಗಿಸಬೇಕು. ಸೋಪು, ಪೇಸ್ಟಿನಲ್ಲಿ ಡಿಮಾರ್ಟ್ ಜೊತೆ ಪೈಪೋಟಿಗೆ ಇಳಿಯಬೇಡಿ.

ಇದಕ್ಕೇ ನಾನು ‘ಹೊರಗಿನದಕ್ಕಿಂತ ಅಗ್ಗ’ ಅಂತ ಬೋರ್ಡ್ ಹಾಕುವುದನ್ನು ಒಪ್ಪುವುದಿಲ್ಲ. ರಾಚ್‌ಡೇಲ್‌ನವರು ಪೇಟೆ ದರಕ್ಕೇ ಮಾರಿದರು, ಕಲಬೆರಕೆ ಇಲ್ಲದ ಮಾಲು ಕೊಟ್ಟರು, ಉಳಿದ ಲಾಭವನ್ನು ಯಾರು ಎಷ್ಟು ಕೊಂಡಿದ್ದಾರೋ ಅಷ್ಟಕ್ಕೆ ತಕ್ಕ ಹಾಗೆ ಹಂಚಿದರು. ಇದು ಇಂದಿಗೂ ಸರಿಯಾದ ದಾರಿ. ಪ್ರತಿ ಬಿಲ್ಲಿನಲ್ಲಿ ಸದಸ್ಯತ್ವದ ನಂಬರ್ ಬರಲಿ. ಆಗ ವರ್ಷದ ಕೊನೆಗೆ ಯಾರ ಖರೀದಿ ಎಷ್ಟು ಅಂತ ಹುಡುಕಾಡಬೇಕಿಲ್ಲ. ರಾಚ್‌ಡೇಲ್‌ನವರು ಸಾಲವನ್ನೂ ಕೊಡುತ್ತಿರಲಿಲ್ಲ. ನಮ್ಮ ಕಡೆ ‘ಬರ್ಕೊಳ್ಳಿ, ಒಂದನೇ ತಾರೀಕು ಕೊಡ್ತೀನಿ’ ಅಂದವರಿಗೆ ಇಲ್ಲ ಅನ್ನುವುದು ಕಷ್ಟ. ಅದರಲ್ಲೂ ಕೇಳುವವರು ಸಂಘದ ನಿರ್ದೇಶಕರಾಗಿದ್ದರೆ ಇನ್ನೂ ಕಷ್ಟ. ಆದ್ದರಿಂದ ಉದ್ರಿ ಇಲ್ಲ ಅನ್ನುವುದನ್ನು ಮಹಾಸಭೆಯಲ್ಲೇ ತೀರ್ಮಾನ ಮಾಡಿ ನಡವಳಿ ಪುಸ್ತಕದಲ್ಲಿ ಬರೆಸಿ. ಆಗ ಕೌಂಟರಿನಲ್ಲಿ ಕೂತ ಹುಡುಗಿ ಯಾರ ಮುಖವನ್ನೂ ನೋಡಬೇಕಿಲ್ಲ.

ನೋಂದಣಿಗೆ ನಮ್ಮಲ್ಲಿ ಎರಡು ದಾರಿ ಇವೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಒಂದು, 1997ರ ಸೌಹಾರ್ದ ಸಹಕಾರಿ ಕಾಯ್ದೆ ಇನ್ನೊಂದು. ಸೌಹಾರ್ದದಲ್ಲಿ ಸರ್ಕಾರದ ಕೈ ಕಡಿಮೆ, ಸರ್ಕಾರದ ನೆರವೂ ಕಡಿಮೆ. ಬೇರೆ ಬೇರೆ ಕುಟುಂಬದ ಹತ್ತು ಜನ ಸೇರಿದರೆ ಅರ್ಜಿ ಹಾಕಬಹುದು. ಹತ್ತು ಮನೆಯಿಂದ ಅಂಗಡಿ ನಡೆಯುವುದಿಲ್ಲ ಅನ್ನುವುದು ಮೇಲಿನ ಲೆಕ್ಕದಲ್ಲೇ ಕಂಡಿತಲ್ವಾ? 1959ರ ಕಾಯ್ದೆಯ ದಾರಿ ಹಿಡಿದರೆ ಸಂಘ ಕಟ್ಟುವ ಕೆಲಸ ಮುನ್ನಡೆಸಲು ಮುಖ್ಯ ಪ್ರವರ್ತಕರು ಅಂತ ಒಬ್ಬರನ್ನು ಆರಿಸಿ, ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ ಮಾದರಿ ಬೈಲಾ (ಸಂಘದ ನಿಯಮಾವಳಿ) ಕೇಳಿ. ಅದನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ಕಾರ್ಯವ್ಯಾಪ್ತಿ ಯಾವ ವಾರ್ಡಿನವರೆಗೆ, ಲಾಭ ಹಂಚುವುದು ಹೇಗೆ, ಷೇರು ವಾಪಸ್ ಯಾವಾಗ, ಈ ಮೂರನ್ನು ಕೂತು ಚರ್ಚೆ ಮಾಡಿ ಬರೆಯಿರಿ. ಯಾರ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ದೊಡ್ಡ ಮೊತ್ತ ಹಾಕಲು ಮುಂದೆ ಬರುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಉಳಿದ ಕಾಗದಪತ್ರ ಎಲ್ಲ ಅಂಗಡಿಗಳ ಹಾಗೆಯೇ: ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ, ಜಿಎಸ್‌ಟಿ. ಬಿಡಿಯಾಗಿ ತೂಗಿ ಕೊಡುವ ಅಕ್ಕಿ ಬೇಳೆಗೆ ಜಿಎಸ್‌ಟಿ ಇಲ್ಲ. ಲೇಬಲ್ ಹಚ್ಚಿ 25 ಕೆಜಿವರೆಗಿನ ಪ್ಯಾಕೆಟ್ ಮಾಡಿದರೆ 2022ರ ಜುಲೈನಿಂದ ಶೇ 5 ಬೀಳುತ್ತದೆ. ‘ಚೆಂದದ ಪ್ಯಾಕಿಂಗ್ ಮಾಡ್ಸೋಣ’ ಅನ್ನುವ ಉತ್ಸಾಹಿಗಳು ಎಲ್ಲ ಸಮಿತಿಯಲ್ಲೂ ಇರುತ್ತಾರೆ. ಅವರಿಗೆ ಇದನ್ನು ತಿಳಿಸಿ.

ಹೊಸದಾಗಿ ಕಟ್ಟುವಷ್ಟು ಪುರುಸೊತ್ತು ಇಲ್ಲದಿದ್ದರೆ, ಇರುವ ಸಂಘಕ್ಕೆ ಸೇರಿ. ಶಿರಸಿಯ ಟಿಎಸ್‌ಎಸ್ 1923ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಸಂಘ. ಈಗ ಅದರ ಸೂಪರ್ ಮಾರ್ಕೆಟ್ಟಿನಲ್ಲಿ ಊರವರು ದಿನಸಿ ಕೊಳ್ಳುತ್ತಾರೆ. ನಿಮ್ಮೂರಿನಲ್ಲೂ ಯಾವುದೋ ಗ್ರಾಹಕರ ಸಂಘ ಅರ್ಧ ನಿದ್ದೆಯಲ್ಲಿ ಇರಬಹುದು, ವಿಚಾರಿಸಿ. ಅರ್ಜಿ, ಆಧಾರ್ ಪ್ರತಿ, ಎರಡು ಫೋಟೊ, ಷೇರು ಹಣ, ಪ್ರವೇಶ ಶುಲ್ಕ ಕೊಟ್ಟರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಕೊಡುವ ಮುಂಚೆ ಕಳೆದ ವರ್ಷದ ವಾರ್ಷಿಕ ವರದಿ ಕೇಳಿ ತೆಗೆದುಕೊಳ್ಳಿ. ಆಡಿಟ್‌ನಲ್ಲಿ ಒಳ್ಳೆಯದಾದ ‘ಎ’ ವರ್ಗ ಬಂದಿದೆಯಾ, ಕೆಳಗಿನ ‘ಸಿ’ಯಾ ನೋಡಿ. ಬರಬೇಕಾದ ಬಾಕಿ ಅನ್ನುವ ಸಾಲಿನಲ್ಲಿ ದೊಡ್ಡ ಮೊತ್ತ ಇದ್ದರೆ ಯಾರಿಂದ ಬರಬೇಕು ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಸೇರುವುದು ಬೇಡ.

ಷೇರು ಹಣ ಠೇವಣಿಯಲ್ಲ. ನಷ್ಟವಾದರೆ ಅದೂ ಹೋಗುತ್ತದೆ, ಬೇಕೆಂದಾಗ ವಾಪಸ್ ಸಿಗುವುದೂ ಇಲ್ಲ. ರಸೀದಿ ಸಾಲದು, ಷೇರು ಪತ್ರವನ್ನೇ ಕೇಳಿ ಪಡೆಯಿರಿ. ನಾಮಿನಿ ಕಾಲಂ ಖಾಲಿ ಬಿಡಬೇಡಿ. ಸೆಪ್ಟೆಂಬರ್ 25ರ ಒಳಗೆ ವಾರ್ಷಿಕ ಮಹಾಸಭೆ ಆಗಬೇಕು, ನೋಟಿಸ್ ಬರುತ್ತದೆ. ಊಟ ಇದೆ ಅಂತ ಹನ್ನೆರಡೂವರೆಗೆ ಹೋಗಬೇಡಿ. ಲೆಕ್ಕಪತ್ರ ಓದುವುದು ಹತ್ತೂವರೆಗೇ ಶುರುವಾಗಿರುತ್ತದೆ.