ತಾರೀಖು, ವಾರ, ತಿಥಿ: ಜಗತ್ತಿನ ಮೇ ಸೂಟಿಗಳಿಗೆ ಮನೆಯಲ್ಲೇ ಒಂದು ಕ್ಯಾಲೆಂಡರ್

ಜರ್ಮನಿಯಲ್ಲಿರುವ ಅಕ್ಕನ ಮಗನಿಗೆ ಯಾವುದೋ ಒಂದು ದಾಖಲೆ ತುರ್ತಾಗಿ ಬೇಕಿತ್ತು. ಹುಬ್ಬಳ್ಳಿಯಿಂದ ಗಡಿಬಿಡಿಯಲ್ಲಿ ಕಳಿಸಿದೆ. ಅದು ಅವನ ಊರು ತಲುಪಿದ್ದು ಮೇ ತಿಂಗಳ ಒಂದು ಗುರುವಾರ. ಫೋನ್ ಮಾಡಿದರೆ, "ಮಾಮಾ, ಇವತ್ತ ಸೂಟಿ. ನಾಳೆನೂ ಆಫೀಸಿನ್ಯಾಗ ಯಾರೂ ಇರೂದಿಲ್ಲ. ಇನ್ನ ಸೋಮವಾರನ" ಅಂದ. ಗುರುವಾರ ಎಂಥಾ ಸೂಟಿಪಾ ಅಂತ ಕೇಳಿದ್ದಕ್ಕೆ ಅವನಿಗೂ ನೆಟ್ಟಗೆ ಹೇಳಲು ಬರಲಿಲ್ಲ.

ಅಂದಿನಿಂದ ಪ್ರತಿ ಬೇಸಿಗೆಯಲ್ಲಿ ಮನೆಯ ಹುಡುಗರನ್ನು ಕೂಡಿಸಿಕೊಂಡು ಏಪ್ರಿಲ್ ಕೊನೆಯಿಂದ ಜೂನ್‌ವರೆಗಿನ ಸೂಟಿಗಳ ಹಾಳೆಯೊಂದನ್ನು ಮಾಡುತ್ತೇವೆ. ನಮ್ಮಲ್ಲಿ ಅದು ರಣಬಿಸಿಲು, ಧಾರವಾಡದ ಆಪೂಸ್ ಮಾವಿನ ಕಾಲ. ಯುರೋಪಿನವರಿಗೆ ಆಗಿನ್ನೂ ವಸಂತ.

ಬೇಕಾದದ್ದು ಇಷ್ಟೇ: ದೊಡ್ಡ ಡ್ರಾಯಿಂಗ್ ಶೀಟ್, ಅಳತೆಪಟ್ಟಿ, ನೀಲಿ, ಹಸಿರು, ಕೆಂಪು ಸ್ಕೆಚ್ ಪೆನ್, ಒಂದು ಪೆನ್ಸಿಲ್. ಜೊತೆಗೆ ಗದಗಿನಲ್ಲಿ ಅಚ್ಚಾದದ್ದೋ ಇನ್ನೆಲ್ಲಿಯದೋ, ತಿಥಿ ಹಾಕಿರುವ ಕ್ಯಾಲೆಂಡರ್. ಮೊದಲು ಚೌಕ ಹಾಕಿ ತಾರೀಖು ತುಂಬಿ. ಜಗತ್ತಿನ ಹಬ್ಬಗಳನ್ನೆಲ್ಲ ಬರೆಯಲು ಹೋಗಬೇಡಿ, ಹಾಳೆ ಸಾಲುವುದಿಲ್ಲ. ನಿಮ್ಮವರು ಇರುವ, ನಿಮ್ಮ ವ್ಯವಹಾರ ಇರುವ ನಾಲ್ಕೈದು ದೇಶ ಸಾಕು.

ನೀಲಿ: ತಾರೀಖಿನ ಸೂಟಿ

ಇವು ಅಲುಗಾಡುವುದಿಲ್ಲ. ಮೊದಲನೆಯದು ಮೇ 1, ಕಾರ್ಮಿಕರ ದಿನ. ಎಂಟು ತಾಸಿನ ದುಡಿಮೆಗಾಗಿ 1886ರಲ್ಲಿ ಷಿಕಾಗೊದಲ್ಲಿ ನಡೆದ ಮುಷ್ಕರ ಇದರ ಮೂಲ. ಭಾರತದಲ್ಲಿ ಮೊದಲು ಆಚರಿಸಿದ್ದು 1923ರಲ್ಲಿ, ಮದ್ರಾಸಿನಲ್ಲಿ ಸಿಂಗಾರವೇಲರ್. ತಮಾಷೆಯೆಂದರೆ ಅಮೆರಿಕದಲ್ಲೇ ಆ ದಿನ ಸೂಟಿ ಇಲ್ಲ. ಅವರ ಕಾರ್ಮಿಕರ ದಿನ ಸೆಪ್ಟೆಂಬರಿನ ಮೊದಲ ಸೋಮವಾರ. ನಾರ್ವೆಗೆ ಮೇ 17 ಬರೆಯಿರಿ: 1814ರ ಸಂವಿಧಾನದ ದಿನ, ಬೀದಿ ತುಂಬ ಬಾವುಟ ಹಿಡಿದ ಮಕ್ಕಳ ಮೆರವಣಿಗೆ.

ಜಪಾನಿಗೆ ನಾಲ್ಕು ಚೌಕ ಬೇಕು: ಏಪ್ರಿಲ್ 29, ಮೇ 3, 4, 5. ಮೇ 5 ಮಕ್ಕಳ ದಿನ. ಬಟ್ಟೆಯ ಮೀನುಗಳನ್ನು ಕಂಬಕ್ಕೆ ಕಟ್ಟಿ ಗಾಳಿಗೆ ಹಾರಿಸುತ್ತಾರೆ. ನಮ್ಮ ಹುಡುಗರು ಅರ್ಧ ದಿನ ಆ ಮೀನು ಬರೆಯುವುದರಲ್ಲೇ ಕಳೆದರು, ನಾನೂ ತಡೆಯಲಿಲ್ಲ. ಸೂಟಿ ಭಾನುವಾರ ಬಿದ್ದರೆ ನಾವು "ಛೇ, ಹೋಯ್ತಲ್ಲ" ಅಂತ ಸುಮ್ಮನಾಗುತ್ತೇವೆ. ಜಪಾನಿನವರು ಹಾಗಲ್ಲ, ಮುಂದಿನ ಕೆಲಸದ ದಿನ ಬಿಡುವು ಕೊಡುತ್ತಾರೆ. 2026ರಲ್ಲಿ ಮೇ 3 ಭಾನುವಾರ, 4 ಮತ್ತು 5 ಹೇಗೂ ಸೂಟಿ. ಹಾಗಾಗಿ 6ನೇ ತಾರೀಖಿಗೂ ನೀಲಿ ಬಳಿಯಿರಿ.

ಹಸಿರು: ವಾರದ ಸೂಟಿ

ಅಮೆರಿಕದಲ್ಲಿ ಮಡಿದ ಸೈನಿಕರ ಸ್ಮರಣೆಯ ದಿನ ಮೇ ತಿಂಗಳ ಕೊನೆಯ ಸೋಮವಾರ. ಮೊದಲು ಅದು ಮೇ 30 ಆಗಿತ್ತು, 1971ರಿಂದ ಸೋಮವಾರಕ್ಕೆ ಬಂತು. ಇಂಗ್ಲೆಂಡಿಗೆ ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ. ಕೆನಡಾಕ್ಕೆ ಮೇ 25ರ ಹಿಂದಿನ ಸೋಮವಾರ. ಕೊನೆಯದು ಎಂದರೆ ನಾಲ್ಕನೆಯದು ಎಂದು ಎಣಿಸಿಬಿಡಬೇಡಿ. 2027ರ ಮೇನಲ್ಲಿ ಐದು ಸೋಮವಾರ ಇವೆ, ಕೊನೆಯದು 31.

ಕೆಂಪು: ತಿಥಿಯ ಸೂಟಿ

ಇದು ನಮ್ಮ ಹಿರಿಯರ ಕೆಲಸ. ಪೆನ್ನನ್ನು ಅಜ್ಜಿಯ ಕೈಗೆ ಕೊಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆ. 2026ರಲ್ಲಿ ಅದು ಏಪ್ರಿಲ್ 20ಕ್ಕೇ ಬಿದ್ದಿದೆ. ಅದೇ ಮಾಸದ ಹುಣ್ಣಿಮೆ ಬುದ್ಧ ಪೂರ್ಣಿಮೆ, ಮೇ 1. ಒಂದೇ ಚೌಕದಲ್ಲಿ ನೀಲಿ, ಕೆಂಪು ಎರಡೂ. ಮೇ 17ರಿಂದ ಅಧಿಕ ಜ್ಯೇಷ್ಠ ಹಿಡಿಯುವುದರಿಂದ (ಅಳಿಯಂದಿರಿಗೆ ಸುಗ್ಗಿ!) ಕಾರಹುಣ್ಣಿಮೆ ಜೂನ್ ಕೊನೆಗೆ ಹೋಗುತ್ತದೆ. ಎತ್ತಿನ ಕೊಂಬಿಗೆ ಬಣ್ಣ ಬಳಿಯುವವರು ಅಲ್ಲಿಯವರೆಗೆ ಕಾಯಬೇಕು.

ಚೀನಾದವರೂ ಚಂದ್ರನನ್ನೇ ನೋಡಿ ಎಣಿಸುವವರು. ಅವರ ಐದನೇ ತಿಂಗಳ ಐದನೇ ದಿನ ಉದ್ದನೆಯ ದೋಣಿಗಳ ಪಂದ್ಯ ನಡೆಯುತ್ತದೆ. ಜಿಗುಟು ಅಕ್ಕಿಯನ್ನು ಎಲೆಯಲ್ಲಿ ಕಟ್ಟಿ ಬೇಯಿಸಿ ತಿನ್ನುತ್ತಾರೆ, ಹೆಚ್ಚುಕಡಿಮೆ ನಮ್ಮ ಕಡುಬಿನ ನೆಂಟ. 2026ರಲ್ಲಿ ಅದು ಜೂನ್ 19. ನಮ್ಮ ಕ್ಯಾಲೆಂಡರ್ ತೆಗೆದು ನೋಡಿ, ಅಂದೇ ನಿಜ ಜ್ಯೇಷ್ಠ ಶುದ್ಧ ಪಂಚಮಿ.

ಇನ್ನು ಅಕ್ಕನ ಮಗನ ಗುರುವಾರ. ಅದರ ಎಳೆ ಈಸ್ಟರಿನಲ್ಲಿದೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್, ಅಂದರೆ ತಿಥಿಗೂ ವಾರಕ್ಕೂ ಗಂಟು ಹಾಕಿದ ಹಬ್ಬ. 2026ರಲ್ಲಿ ಏಪ್ರಿಲ್ 5. ಅಲ್ಲಿಂದ 39 ದಿನ ಎಣಿಸಿ: ಮೇ 14, ಗುರುವಾರ, ಏಸು ಸ್ವರ್ಗಕ್ಕೆ ಏರಿದ ದಿನ. ಮರುದಿನ ಶುಕ್ರವಾರ ರಜೆ ಹಾಕಿದರೆ ಒಟ್ಟು ನಾಲ್ಕು ದಿನ ಬಿಡುವು. ಆ ಶುಕ್ರವಾರಕ್ಕೆ ಜರ್ಮನರು ಸೇತುವೆ ದಿನ ಎಂದೇ ಹೆಸರಿಟ್ಟಿದ್ದಾರೆ. ಈಸ್ಟರಿನಿಂದ 50 ದಿನ ಎಣಿಸಿದರೆ ಮೇ 25, ಅದೂ ಅಲ್ಲಿ ಸೂಟಿ.

ಬಕ್ರೀದನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆಯಿರಿ. ಹಿಜರಿ ವರ್ಷಕ್ಕೆ ಸುಮಾರು 354 ದಿನ, ಅಧಿಕ ಮಾಸ ಇಲ್ಲ. ಹಾಗಾಗಿ ಹಬ್ಬ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಮೇ 27ರ ಆಸುಪಾಸು. ಚಂದ್ರದರ್ಶನದ ಪ್ರಕಾರ ಕೊಲ್ಲಿ ದೇಶಗಳಿಗೂ ನಮಗೂ ಒಂದು ದಿನ ವ್ಯತ್ಯಾಸ ಬರಬಹುದು.

ಈಗ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಮೇ 25ರ ಸೋಮವಾರ ಅಮೆರಿಕ, ಇಂಗ್ಲೆಂಡ್, ಜರ್ಮನಿ ಮೂರೂ ಬಂದ್. ಬ್ಯಾಡಗಿ ಮೆಣಸಿನಕಾಯಿ ಪುಡಿಯ ಪಾರ್ಸಲ್ ಇರಲಿ, ಆಫೀಸಿನ ಮೇಲ್ ಇರಲಿ, ಆ ವಾರಕ್ಕೆ ಇಟ್ಟುಕೊಳ್ಳಬೇಡಿ.

ಹಾಳೆಯನ್ನು ಒಲೆಯಿಂದ ದೂರ ಅಂಟಿಸಿ. ನಮ್ಮ ಮೊದಲ ಹಾಳೆಯ ನಾರ್ವೆ ಒಗ್ಗರಣೆಯ ಎಣ್ಣೆಗೆ ಬಲಿಯಾಯಿತು. ಅಂದವಾಗಿರಲಿ ಅಂತ ಲ್ಯಾಮಿನೇಶನ್ ಮಾಡಿಸಲೂ ಹೋಗಬೇಡಿ, ಪೆನ್ಸಿಲ್‌ನ ಚೌಕ ಒಂದನ್ನು ಇನ್ನೂ ತಿದ್ದುವುದಿದೆ.