ಮುಖವಾಡದ ಪಾಠ: ಮೊದಲು ಟಾರ್ಚ್, ಆಮೇಲೆ ಗೋಂದು

ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಮುಖವಾಡ ಮಾಡಿಸಿದೆವು. ನೀವೂ ಮಾಡಿಸುವವರಿದ್ದರೆ ಒಂದೆರಡು ಮಾತು.

ಭೂಪಟ ತೋರಿಸಿ ದೇಶದೇಶದ ಹೆಸರು ಬಾಯಿಪಾಠ ಮಾಡಿಸಬೇಡಿ, ಮಕ್ಕಳು ಆಕಳಿಸುತ್ತಾರೆ. ಜಪಾನಿನ ನೋ ನಾಟಕದ ಮುಖವಾಡದಿಂದ ಶುರು ಮಾಡಿ. ಹಿನೋಕಿ ಮರದಲ್ಲಿ ಕೆತ್ತಿದ ಒಂದೇ ಮುಖ. ನಟ ತುಸು ಮೇಲೆತ್ತಿದರೆ ನಗು, ತಗ್ಗಿಸಿದರೆ ದುಃಖ. ನಾನು ರಟ್ಟಿನಲ್ಲಿ ಹುಬ್ಬು, ಮೂಗು ಉಬ್ಬಿಸಿ ಅಂಟಿಸಿ, ಲೈಟ್ ಆರಿಸಿ, ಮೇಲಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಖವನ್ನು ಎತ್ತಿ ತಗ್ಗಿಸಿದೆ. ನೆರಳು ಸರಿದ ಹಾಗೆ ಮುಖದ ಭಾವ ಬದಲಾಯಿತು. "ಟೀಚರ್, ಇನ್ನೊಂದ್ಸಲ!" ಅಂತ ಗಲಾಟೆ.

ಪ್ರಾಚೀನ ಈಜಿಪ್ಟಿನ ರಾಜ ತೂತಾಂಖಾಮನ್‌ನ ಚಿನ್ನದ ಮುಖವಾಡ ಹತ್ತು ಕಿಲೋಗಿಂತ ಹೆಚ್ಚು ಭಾರ ಅಂದಾಗ, ಒಬ್ಬ ಅಷ್ಟು ತೂಕದ ಅಕ್ಕಿ ಚೀಲ ಎತ್ತಿಯೇ ನೋಡಿದ. ನಮ್ಮ ಸೋಮನ ಕುಣಿತದ ದೊಡ್ಡ ಮರದ ಮುಖಗಳನ್ನೂ, ಇಲ್ಲೇ ಪಾಲ್ಘರ್ ಜಿಲ್ಲೆಯ ಜವ್ಹಾರ್-ಮೋಖಾಡಾ ಕಡೆಯ ಆದಿವಾಸಿಗಳ ಬೋಹಡಾ ಹಬ್ಬದ ಮುಖವಾಡಗಳನ್ನೂ ತೋರಿಸಿ. ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರ) ಮಾತ್ರ ಮುಖವಾಡವಲ್ಲ, ಅಲ್ಲಿ ಅಕ್ಕಿ ಹಿಟ್ಟಿನ ಚಿಟ್ಟಿ (ಉಬ್ಬು ಚುಕ್ಕಿಗಳು) ಇಡುವುದು ಮುಖದ ಮೇಲೇ. ದೊಡ್ಡವರೂ ಇದರಲ್ಲಿ ಎಡವುತ್ತಾರೆ!

ಮಾಡುವ ಕ್ರಮ: ಊದಿದ ಬಲೂನಿಗೆ ಪೇಪರ್ ಚೂರು, ಮೈದಾ ಗೋಂದು. ಮುಂಬೈ ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ. ನಾನು ಒಂದೇ ದಿನ ಆರು ಪದರ ಹಾಕಿಸಿ, ಮುಂದಿನ ವಾರ ಬೂಸ್ಟು ಹಿಡಿದ ಹಸಿರು ಮುಖಗಳನ್ನು ಎಸೆದೆ. ಗೋಂದಿಗೆ ಒಂದು ಚಮಚ ಉಪ್ಪು, ದಿನಕ್ಕೆ ಎರಡೇ ಪದರ, ರಾತ್ರಿಯಿಡೀ ಫ್ಯಾನ್. ಆಗದಿದ್ದರೆ ದೀಪಾವಳಿ ರಜೆಗೆ ಇಟ್ಟುಕೊಳ್ಳಿ.