ಲೇಬಲ್ ಅಳೆದು ಸ್ಟಾರ್ಮಂಟ್ ಸಮಿತಿಗೆ ಬರೆದ ಅನುಭವ

2024ರ ನವೆಂಬರ್ ಕೊನೆಯ ವಾರ ನನ್ನ ಮೇಜಿನ ಮೇಲೆ ಒಂದು ಸ್ಟೀಲ್ ಸ್ಕೇಲು, ಒಂದು ಭೂತಗನ್ನಡಿ ಮತ್ತು ಹನ್ನೊಂದು ಬಾಟಲಿ ಇದ್ದವು. ಬಾಟಲಿಗಳ ಮೇಲೆ ಅಂಟಿಸಿದ್ದ ಲೇಬಲ್‌ನಲ್ಲಿ ಅಕ್ಷರ ಎಷ್ಟು ಎತ್ತರ ಇದೆ ಅಂತ ಅಳೆಯುತ್ತಾ ಕೂತಿದ್ದೆ. ಪೂರ್ತಿ ಅಕ್ಷರ ಅಲ್ಲ, ಇಂಗ್ಲಿಷಿನ ಸಣ್ಣ 'ಎಕ್ಸ್' ಅಕ್ಷರದ ಎತ್ತರ. ಅದು 1.2 ಮಿಲಿಮೀಟರ್ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ.

ನಾನು ಮೈಸೂರಿನವಳು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಹತ್ತಿರ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತೇನೆ. ಪರಿಮಳದ ಮೇಣದಬತ್ತಿ, ಕೋಣೆಗೆ ಇಡುವ ಸುಗಂಧ ದ್ರವ, ನೆಲ ಒರೆಸುವ ದ್ರಾವಣ, ಇವು ನಮ್ಮ ಸರಕು. ಲೇಬಲ್ ಮತ್ತು ಸುರಕ್ಷತಾ ಕಾಗದಪತ್ರ ನನ್ನ ಪಾಲಿನ ಕೆಲಸ. ಲಿನಲೂಲ್, ಲಿಮೊನೀನ್ ಥರದ ಸುಗಂಧದ ಅಂಶ ಇಷ್ಟಕ್ಕಿಂತ ಜಾಸ್ತಿ ಇದ್ದರೆ ಚರ್ಮಕ್ಕೆ ಅಲರ್ಜಿ ಆಗಬಹುದು ಅಂತ ಬರೆಯಬೇಕು. ಕೆಂಪು ಅಂಚಿನ ವಜ್ರದಾಕಾರದ ಗುರುತು ಹಾಕಬೇಕು. ಇದನ್ನೆಲ್ಲ ಹೇಳುವುದು ಯುರೋಪಿಯನ್ ಒಕ್ಕೂಟದ 1272/2008 ಅನ್ನುವ ನಿಯಮ. ರಾಸಾಯನಿಕಗಳ ವರ್ಗೀಕರಣ, ಲೇಬಲ್, ಪೊಟ್ಟಣ ಮೂರನ್ನೂ ಸೇರಿಸಿ ನಮ್ಮ ಕ್ಷೇತ್ರದಲ್ಲಿ ಅದನ್ನು ಸಿಎಲ್‌ಪಿ ಅಂತಾರೆ.

ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಬೆಲ್‌ಫಾಸ್ಟ್‌ನಲ್ಲಿ ಅದರ ನಿಯಮ ಯಾಕೆ ಅಂತ ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ಐರ್ಲೆಂಡ್ ಗಣರಾಜ್ಯ ಮತ್ತು ಉತ್ತರ ಐರ್ಲೆಂಡ್ ನಡುವಿನ ಗಡಿಯಲ್ಲಿ ಮತ್ತೆ ತಪಾಸಣೆ ಕಟ್ಟೆ ಬರಬಾರದು ಅನ್ನುವುದು ಮೂಲ ಕಾರಣ. ಅದಕ್ಕಾಗಿ ಸರಕಿಗೆ ಸಂಬಂಧಪಟ್ಟ ಸುಮಾರು 300 ಯುರೋಪಿಯನ್ ಕಾನೂನುಗಳು ಇಲ್ಲಿ ಈಗಲೂ ಜಾರಿಯಲ್ಲಿವೆ. ಆ ಕಾನೂನನ್ನು ಬ್ರಸೆಲ್ಸ್‌ನಲ್ಲಿ ತಿದ್ದಿದರೆ ಇಲ್ಲಿಯೂ ತಿದ್ದಿದ ಹಾಗೆಯೇ. ಆದರೆ ತಿದ್ದುವ ಕಡೆ ಇಲ್ಲಿಯ ಜನರ ಪ್ರತಿನಿಧಿ ಒಬ್ಬರೂ ಇಲ್ಲ. ಈ ಕೊರತೆಗೆ ಸ್ವಲ್ಪವಾದರೂ ಪರಿಹಾರ ಇರಲಿ ಅಂತ 2023ರ ಫೆಬ್ರವರಿ 27ರಂದು ವಿಂಡ್ಸರ್ ಫ್ರೇಮ್‌ವರ್ಕ್ ಒಪ್ಪಂದ ಆಯಿತು. ಅದರಿಂದ ಹುಟ್ಟಿದ್ದೇ ಬೆಲ್‌ಫಾಸ್ಟ್‌ನ ಸ್ಟಾರ್ಮಂಟ್‌ನಲ್ಲಿ ಸೇರುವ ಉತ್ತರ ಐರ್ಲೆಂಡ್ ಶಾಸನಸಭೆಯ ಪ್ರಜಾಸತ್ತಾತ್ಮಕ ಪರಿಶೀಲನಾ ಸಮಿತಿ. ಒಂಬತ್ತು ಶಾಸಕರು. ಹೊರಗಿನಿಂದ ಬರುವ ನಿಯಮವನ್ನು ಓದಿ, ಇಲ್ಲಿಯ ಜನಕ್ಕೆ ಏನಾಗುತ್ತದೆ ಅಂತ ಕೇಳುವುದು ಅವರ ಕೆಲಸ. ಕರ್ನಾಟಕದಲ್ಲೂ ಇಲಾಖೆಗಳು ಮಾಡುವ ನಿಯಮ ನೋಡಲು ಅಧೀನ ಶಾಸನ ಸಮಿತಿ ಇದೆ. ಆದರೆ ಅಲ್ಲಿ ನಿಯಮ ಮಾಡುವುದು ನಮ್ಮದೇ ಸರ್ಕಾರ. ಇಲ್ಲಿ ಹಾಗಲ್ಲ.

ಸಮಿತಿಗೆ ಬರೆಯುವ ಮೊದಲು ನಾನು ಎರಡು ದಾರಿ ಬೇರೆ ಮಾಡಿಕೊಳ್ಳಬೇಕಾಯಿತು. ಒಂದು, ಇಲ್ಲಿ ಜಾರಿಯಲ್ಲಿರುವ ಆ ಯುರೋಪಿಯನ್ ಕಾನೂನುಗಳ ಪಟ್ಟಿಯಲ್ಲಿ ಈಗಾಗಲೇ ಇರುವ ಕಾನೂನಿಗೆ ತಿದ್ದುಪಡಿ ಬಂದರೆ. ಇನ್ನೊಂದು, ಪೂರ್ತಿ ಹೊಸ ಕಾನೂನನ್ನು ಪಟ್ಟಿಗೆ ಸೇರಿಸಬೇಕು ಅಂದರೆ. ಹೊಸದಕ್ಕೆ ಮಾಮೂಲಿಯಾಗಿ ಶಾಸನಸಭೆಯ ಒಪ್ಪಿಗೆ ಬೇಕು, ಅದೂ ಯೂನಿಯನಿಸ್ಟ್ (ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು) ಮತ್ತು ನ್ಯಾಷನಲಿಸ್ಟ್ (ಐರ್ಲೆಂಡ್ ಒಂದಾಗಬೇಕು ಅನ್ನುವವರು) ಎರಡೂ ಕಡೆಯ ಬೆಂಬಲದಿಂದ. ಇದರ ಮೊದಲ ಪರೀಕ್ಷೆ 2024ರ ಮಾರ್ಚ್ 19ರಂದು ನಡೆಯಿತು. ವಿಷಯ ಏನು ಗೊತ್ತಾ? ಕರಕುಶಲ ವಸ್ತುಗಳ ಭೌಗೋಳಿಕ ಗುರುತು. ನಮ್ಮ ಚನ್ನಪಟ್ಟಣದ ಗೊಂಬೆಗೆ, ಇಳಕಲ್ ಸೀರೆಗೆ ಇದೆಯಲ್ಲ, ಅದೇ ಜಿಐ. ಎರಡೂ ಕಡೆಯ ಬೆಂಬಲ ಸಿಗದೆ ಅದು ಬಿದ್ದುಹೋಯಿತು. ಆ ದಿನದ ಚರ್ಚೆಯನ್ನು ನಾನು ಮನೆಯಲ್ಲಿ ಕೂತು ನೋಡಿದ್ದೆ. ಜಿಐ ಅಂದರೆ ಒಳ್ಳೆಯದೇ ಅಂತ ನಂಬಿ ಬೆಳೆದ ನನಗೆ, ಅದನ್ನು ತಂದವರು ಯಾರು, ಯಾರನ್ನು ಕೇಳಿ ತಂದರು ಅನ್ನುವ ಪ್ರಶ್ನೆಯೂ ಇದೆ ಅಂತ ಮೊದಲ ಸಲ ಹೊಳೆಯಿತು.

ನನ್ನ ಬಾಟಲಿಗಳ ವಿಷಯ ಮಾತ್ರ ಮೊದಲನೇ ದಾರಿಯದು. ಸಿಎಲ್‌ಪಿ ಹಳೆಯ ಕಾನೂನು. ಅದಕ್ಕೆ 2024/2865 ಅನ್ನುವ ತಿದ್ದುಪಡಿ ನವೆಂಬರ್ 20ರಂದು ಯುರೋಪಿಯನ್ ಒಕ್ಕೂಟದ ಗೆಜೆಟ್‌ನಲ್ಲಿ ಬಂತು. ಇಂಥದ್ದನ್ನು ತಡೆಯಬೇಕು ಅಂದರೆ 'ಸ್ಟಾರ್ಮಂಟ್ ಬ್ರೇಕ್' ಇದೆ. 90 ಶಾಸಕರಲ್ಲಿ 30 ಮಂದಿ, ಕಡಿಮೆ ಅಂದರೆ ಎರಡು ಪಕ್ಷದವರು, ಸಹಿ ಹಾಕಿ ಲಂಡನ್ ಸರ್ಕಾರಕ್ಕೆ ತಿಳಿಸಬೇಕು. ಸರ್ಕಾರಕ್ಕೆ ಒಪ್ಪಿಗೆಯಾದರೆ ಅದು ಒಕ್ಕೂಟಕ್ಕೆ ಹೇಳುತ್ತದೆ. ಇದೆಲ್ಲ ಮುಗಿಯಲು ಇರುವುದು ಗೆಜೆಟ್ ಬಂದ ದಿನದಿಂದ ಎರಡು ತಿಂಗಳು. ನಡುವೆ ಕ್ರಿಸ್‌ಮಸ್. ಕಾರ್ಖಾನೆ ಮುಚ್ಚಿರುತ್ತದೆ, ಕಚೇರಿ ಮುಚ್ಚಿರುತ್ತದೆ, ಯಾರೂ ಫೋನ್ ಎತ್ತುವುದಿಲ್ಲ.

ನಾನು ಮಾಡಿದ ಮೊದಲ ಕೆಲಸ, ಆ ಬ್ರೇಕಿನ ಎರಡು ಷರತ್ತನ್ನು ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದು. ಒಂದು: ಹೊಸ ನಿಯಮ ಹಳೆಯದಕ್ಕಿಂತ ಗಣನೀಯವಾಗಿ ಬೇರೆ ಆಗಿರಬೇಕು. ಎರಡು: ಉತ್ತರ ಐರ್ಲೆಂಡ್ ಜನರ ದಿನನಿತ್ಯದ ಬದುಕಿನ ಮೇಲೆ ದೊಡ್ಡ ಪರಿಣಾಮ ಆಗಬೇಕು, ಅದು ಇಲ್ಲಿಗೇ ವಿಶೇಷವಾಗಿರಬೇಕು, ಬಹುಕಾಲ ಉಳಿಯುವಂಥದ್ದಾಗಿರಬೇಕು. ಮೊದಲನೆಯದನ್ನು ಕಾಗದ ನೋಡಿ ಹೇಳಬಹುದು. ಎರಡನೆಯದಕ್ಕೆ ಅಂಗಡಿಗೇ ಹೋಗಬೇಕು.

ಕಾಗದದ ಕೆಲಸ ಎಂಟು ದಿನ ಹಿಡಿಯಿತು. ಹೊಸ ನಿಯಮ ಮಾತ್ರ ಓದಿದರೆ ಏನೂ ತಿಳಿಯುವುದಿಲ್ಲ. ಅದು "ಇಂಥ ಕಲಮಿನಲ್ಲಿ ಈ ಸಾಲಿನ ಬದಲು ಆ ಸಾಲು" ಅಂತ ಹೇಳುತ್ತಾ ಹೋಗುತ್ತದೆ. ಹಳೆಯದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟು ಎಕ್ಸೆಲ್‌ನಲ್ಲಿ ಸಾಲು ಸಾಲಾಗಿ ತುಂಬಿದೆ. ಮೂರನೇ ಕಾಲಮ್ಮಿಗೆ "ನಮ್ಮಲ್ಲಿ ಏನು ಬದಲಾಗುತ್ತದೆ" ಅಂತ ಹೆಸರಿಟ್ಟೆ. ಆ ಕಾಲಮ್ಮೇ ಮುಖ್ಯ. ಅದು ಖಾಲಿ ಉಳಿದ ಸಾಲುಗಳನ್ನು ಪತ್ರದಿಂದ ಬಿಟ್ಟೆ. ಬಹುಪಾಲು ಹಾಗೇ ಹೋದವು.

ಉಳಿದವುಗಳಲ್ಲಿ ಅಕ್ಷರದ ಗಾತ್ರವೇ ದೊಡ್ಡದು. ಅರ್ಧ ಲೀಟರ್ ತನಕದ ಪೊಟ್ಟಣಕ್ಕೆ ಕನಿಷ್ಠ 1.2 ಮಿಲಿಮೀಟರ್. ಪೊಟ್ಟಣ ದೊಡ್ಡದಾದ ಹಾಗೆ ಅಕ್ಷರವೂ ದೊಡ್ಡದಾಗಬೇಕು. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ. ಸಾಲುಗಳ ನಡುವಿನ ಅಂತರಕ್ಕೂ ಲೆಕ್ಕ, ಅಕ್ಷರದ ಗಾತ್ರದ 120 ಶೇಕಡಾ. ನಮ್ಮ ಚಂದನದ ಮೇಣದಬತ್ತಿಯ ಡಬ್ಬಿಗೆ ತೆಳು ಕಂದು ಬಣ್ಣದ ಲೇಬಲ್. ಅದರ ಮೇಲೆ ಬಿಳಿ ಚೌಕ ಬರಬೇಕು ಅಂದಾಗ ವಿನ್ಯಾಸ ಮಾಡಿದ ಹುಡುಗಿಯ ಮುಖ ಸಪ್ಪೆಯಾಯಿತು.

ಇಲ್ಲಿ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. 1.2 ಮಿಲಿಮೀಟರ್ ಅನ್ನುವುದು ಹೊಸ ಸಂಖ್ಯೆ ಅಲ್ಲ. ಯುರೋಪಿನ ರಾಸಾಯನಿಕ ಸಂಸ್ಥೆಯ ಮಾರ್ಗದರ್ಶಿಯಲ್ಲಿ ಅದು ಸಲಹೆಯಾಗಿ ಮೊದಲೇ ಇತ್ತು. ಈಗ ಕಾನೂನಾಯಿತು ಅಷ್ಟೇ. ಹನ್ನೊಂದು ಬಾಟಲಿಯಲ್ಲಿ ಆರು ಆಗಲೇ ಪಾಸ್. ಇದನ್ನು ಪತ್ರದಲ್ಲಿ ಹೇಳಬೇಕೇ ಬೇಡವೇ ಅಂತ ಒಂದು ರಾತ್ರಿ ಯೋಚಿಸಿದೆ. ನಮ್ಮ ವಾದ ಸಡಿಲ ಆಗುತ್ತದೆ ನಿಜ. ಆದರೆ ಶಾಸಕರಿಗೆ ಅರ್ಧ ಸತ್ಯ ಕೊಟ್ಟರೆ ಅವರು ಸಭೆಯಲ್ಲಿ ಅದನ್ನೇ ಹೇಳುತ್ತಾರೆ, ಎದುರು ಪಕ್ಷದವರು ಮಾರ್ಗದರ್ಶಿ ತೆಗೆದು ತೋರಿಸುತ್ತಾರೆ. ಆಮೇಲೆ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ಹೇಳಿದೆ. ಮಡಚುವ ಲೇಬಲ್‌ಗೆ ಈ ತಿದ್ದುಪಡಿ ಜಾಸ್ತಿ ಅವಕಾಶ ಕೊಡುತ್ತದೆ ಅನ್ನುವುದನ್ನೂ ಬರೆದೆ. ಅದು ನಮಗೆ ಅನುಕೂಲವೇ.

ಇನ್ನು ಅಂಗಡಿಯ ಕೆಲಸ. ನಮ್ಮ ಲೇಬಲ್ ನಾನೇ ಬದಲಿಸಬಲ್ಲೆ. ಒಂದು ವಾರದ ಮಾತು, ಸ್ವಲ್ಪ ದುಡ್ಡು ಹೋಗುತ್ತದೆ. ಆದರೆ ನಾವು ಕೊಳ್ಳುವ ಸರಕು? ದ್ರಾವಕ, ಬಣ್ಣ, ಬ್ಲೀಚು, ಅಂಟು, ಇವೆಲ್ಲ ಇಂಗ್ಲೆಂಡ್, ಸ್ಕಾಟ್ಲೆಂಡ್‌ನಿಂದ ದೋಣಿ ದಾಟಿ ಬರುತ್ತವೆ. ಅಲ್ಲಿಯ ಮಾರುಕಟ್ಟೆಗೆ ಬ್ರಿಟನ್ನಿನದೇ ಬೇರೆ ಸಿಎಲ್‌ಪಿ. ಸುಮಾರು 19 ಲಕ್ಷ ಜನ ಇರುವ ಈ ಪುಟ್ಟ ಜಾಗಕ್ಕಾಗಿ ಅವರು ಬೇರೆ ಲೇಬಲ್ ಮುದ್ರಿಸುತ್ತಾರಾ? ಈ ಪ್ರಶ್ನೆ ಹಿಡಿದು ನಮ್ಮ ಸರಬರಾಜುದಾರರಿಗೆಲ್ಲ ಫೋನ್ ಮಾಡಿದೆ. ಒಂದಿಬ್ಬರು "ಐರ್ಲೆಂಡ್‌ಗೂ ಮಾರುತ್ತೇವೆ, ಹೇಗಿದ್ದರೂ ಮಾಡಲೇಬೇಕು" ಅಂದರು. ಕೆಲವರಿಗೆ ಹೊಸ ನಿಯಮದ ಸುದ್ದಿಯೇ ಗೊತ್ತಿರಲಿಲ್ಲ. ಒಬ್ಬರು ಮಾತ್ರ, ಇಷ್ಟು ಸಣ್ಣ ಆರ್ಡರಿಗೆ ಇದೆಲ್ಲ ಆಗುವುದಿಲ್ಲ, ನಿಲ್ಲಿಸಿಬಿಡುತ್ತೇವೆ ಅಂದರು. ಮೂರು ವರ್ಷದಿಂದ ನಮಗೆ ಬತ್ತಿಯ ಅಂಟು ಕೊಡುತ್ತಿದ್ದವರು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಸಂಜೆ ದಿನಸಿ ತರಲು ಹೋದಾಗ ಅಂಗಡಿ ಇಟ್ಟಿರುವ ನಮ್ಮ ಮಂಗಳೂರಿನವರಿಗೆ ಹೇಳಿದೆ.

"ಅಣ್ಣಾ, ನೀವು ತರಿಸುವ ಫಿನಾಯಿಲು, ಸೋಪಿನ ಪುಡಿ ಎಲ್ಲಾ ಎಲ್ಲಿಂದ?"

"ಬರ್ಮಿಂಗ್‌ಹ್ಯಾಮ್‌ನಿಂದ ಮಾರಾಯ್ತಿ. ಯಾಕೆ?"

"ಲೇಬಲ್ ಬದಲಾದರೆ ಅವರು ಕಳಿಸದೇ ಇರಬಹುದು."

"ಹಾಗಾದ್ರೆ ಡಬ್ಲಿನ್‌ನಿಂದ ತರಿಸುವುದು. ಆದರೆ ನಮ್ಮವರು ಕೇಳುವ ಬ್ರಾಂಡ್ ಅಲ್ಲಿ ಸಿಗ್ಬೇಕಲ್ಲ."

ದಿನನಿತ್ಯದ ಬದುಕು ಅಂದರೆ ಇದೇ ಅಲ್ವಾ? ಅವರ ಅನುಮತಿ ಕೇಳಿ, ಹೆಸರು ಹಾಕದೆ, ಈ ಮಾತನ್ನು ಪತ್ರಕ್ಕೆ ಸೇರಿಸಿದೆ.

ಮೊದಲ ಕರಡು ಒಂಬತ್ತು ಪುಟ ಆಗಿತ್ತು. ಅದರಲ್ಲಿ ನಾಲ್ಕು ಪುಟ ನನ್ನ ಸಿಟ್ಟು. ಅದನ್ನು ತೆಗೆದೆ. ಬ್ರೇಕ್ ಎಳೆಯಬೇಕು, ಎಳೆಯಬಾರದು ಅನ್ನುವ ಮಾತನ್ನೂ ತೆಗೆದೆ. ಆ ತೀರ್ಮಾನ ಆರಿಸಿ ಬಂದವರದು. ಮತ್ತೆ ಇಲ್ಲಿ ಅಂಥ ಒಂದು ವಾಕ್ಯ ಬರೆದ ಕೂಡಲೇ ನೀವು ಯಾವ ಕಡೆಯವರು ಅಂತ ಓದುವವರು ಗುರುತು ಹಾಕಿಬಿಡುತ್ತಾರೆ, ಮುಂದಿನದನ್ನು ಓದುವುದೇ ಇಲ್ಲ. ಕೊನೆಗೆ ಉಳಿದದ್ದು ಎರಡು ಪುಟ. ಮೇಲೆ ಎರಡು ಷರತ್ತು, ಅದರ ಕೆಳಗೆ ಒಂದೊಂದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ. ಜೊತೆಗೆ ಆ ಮೂರು ಕಾಲಮ್ಮಿನ ಪಟ್ಟಿ, ಹನ್ನೊಂದು ಲೇಬಲ್‌ನ ಫೋಟೊ, ಪಕ್ಕದಲ್ಲಿ ಸ್ಕೇಲು. ಸಮಿತಿಯ ಕ್ಲರ್ಕ್ ಕಚೇರಿಗೆ ಇಮೇಲ್ ಮಾಡಿದೆ. ಒಂದು ಪ್ರತಿಯನ್ನು ನಮ್ಮ ಕ್ಷೇತ್ರದ ಶಾಸಕರ ಕಚೇರಿಗೂ ಕಳಿಸಿದೆ.

ಮುಂದಿನದು ಬೇಗ ಬೇಗ ನಡೆಯಿತು. ಡಿಸೆಂಬರ್ 10ರಂದು ಶಾಸನಸಭೆ ಈ ವ್ಯಾಪಾರ ವ್ಯವಸ್ಥೆಯನ್ನೇ ಇನ್ನೂ ನಾಲ್ಕು ವರ್ಷ ಮುಂದುವರಿಸಲು 48–36 ಮತದಿಂದ ಒಪ್ಪಿತು. ಹತ್ತು ದಿನ ಬಿಟ್ಟು, ಡಿಸೆಂಬರ್ 20ರಂದು, ಯೂನಿಯನಿಸ್ಟ್ ಶಾಸಕರು ಸಹಿ ಹಾಕಿ ಸ್ಟಾರ್ಮಂಟ್ ಬ್ರೇಕ್‌ಗೆ ಕೋರಿದರು. ಬ್ರೇಕ್ ಬಳಸಲು ಹೊರಟದ್ದು ಅದೇ ಮೊದಲು. ಅದೂ ನನ್ನ ಲೇಬಲ್‌ನ ನಿಯಮಕ್ಕೆ! 2025ರ ಜನವರಿ 20ರಂದು, ಎರಡು ತಿಂಗಳು ತುಂಬುವ ದಿನ, ಉತ್ತರ ಐರ್ಲೆಂಡ್ ಖಾತೆಯ ಸಚಿವ ಹಿಲರಿ ಬೆನ್ ಉತ್ತರ ಕೊಟ್ಟರು. ಷರತ್ತು ಪೂರೈಸಿಲ್ಲ, ಬ್ರೇಕ್ ಎಳೆಯುವುದಿಲ್ಲ.

ನನಗೆ ಬೇಸರ ಆಯಿತಾ ಅಂತ ಸಹೋದ್ಯೋಗಿ ಕೇಳಿದಳು. ತೀರ್ಮಾನದ ಬಗ್ಗೆ ಅಷ್ಟೇನೂ ಇಲ್ಲ. ನನ್ನದೇ ಪಟ್ಟಿ ನೋಡಿದರೆ ಎರಡನೇ ಷರತ್ತಿಗೆ ಸಾಕ್ಷಿ ತೆಳುವಾಗಿತ್ತು. ಒಬ್ಬ ಸರಬರಾಜುದಾರ ನಿಲ್ಲಿಸುತ್ತೇನೆ ಅಂದರೆ ನಮಗೆ ದೊಡ್ಡದು. ಇಡೀ ಪ್ರಾಂತ್ಯಕ್ಕೆ, ಬಹುಕಾಲಕ್ಕೆ ಅಂತ ಅದರಿಂದ ಹೇಳಲು ಆಗುವುದಿಲ್ಲ. ಬೇಸರ ಇದ್ದದ್ದು ಕಾಲದ ಬಗ್ಗೆ. ಈ ತಿದ್ದುಪಡಿಯ ಪ್ರಸ್ತಾಪವನ್ನು ಯುರೋಪಿಯನ್ ಕಮಿಷನ್ ಹೊರಗೆ ಬಿಟ್ಟದ್ದು 2022ರ ಡಿಸೆಂಬರ್‌ನಲ್ಲಿ. ಮಾತಾಡಿ ಬದಲಿಸಬಹುದಾದ ಕಾಲ ಅದು. ಆಗ ಸ್ಟಾರ್ಮಂಟ್‌ನಲ್ಲಿ ಶಾಸನಸಭೆಯೇ ನಡೆಯುತ್ತಿರಲಿಲ್ಲ. ರಾಜಕೀಯ ಜಗಳದಿಂದ ನಿಂತ ಆಡಳಿತ ಮತ್ತೆ ಶುರುವಾದದ್ದು 2024ರ ಫೆಬ್ರವರಿ 3ಕ್ಕೆ. ಸಮಿತಿ ಕೂತದ್ದು ಅದಾದ ಮೇಲೆ. ಅಷ್ಟರಲ್ಲಿ ಅಡುಗೆ ಮುಗಿದು ಎಲೆಗೆ ಬಡಿಸುವ ಹೊತ್ತು. ಉಪ್ಪು ಜಾಸ್ತಿ ಅಂತ ಈಗ ಹೇಳಿ ಏನು ಮಾಡುವುದು?

ನೋಡಿ, 2025ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ನೇ ಈ ಲೇಬಲ್ ನಿಯಮಗಳನ್ನು ಸರಳ ಮಾಡಬೇಕು, ಜಾರಿಯನ್ನು ಮುಂದಕ್ಕೆ ಹಾಕಬೇಕು ಅಂತ ಪ್ರಸ್ತಾಪ ತಂದಿತು. ಯುರೋಪಿನ ಕಂಪನಿಗಳಿಗೂ ಅದೇ ಅಕ್ಷರದ ಗಾತ್ರ, ಅದೇ ಅಂತರ ಕಷ್ಟ ಆಗಿತ್ತು. ನನ್ನ ಮೂರನೇ ಕಾಲಮ್ಮಿನಲ್ಲಿದ್ದ ಸಾಲುಗಳು ಆ ಪ್ರಸ್ತಾಪದಲ್ಲಿ ಕಂಡಾಗ ಪಟ್ಟಿಯನ್ನು ಮತ್ತೆ ತೆರೆದು ಒಂದೊಂದೇ ಟಿಕ್ ಹಾಕಿದೆ.

ಈಗ ಗೆಜೆಟ್‌ಗೆ ಕಾಯುವುದನ್ನು ಬಿಟ್ಟಿದ್ದೇನೆ. ಸಮಿತಿ ಬರೀ ಮುಗಿದ ಕಾನೂನನ್ನು ಅಲ್ಲ, ಪ್ರಸ್ತಾಪಗಳನ್ನೂ ನೋಡುತ್ತದೆ. ಅದರ ಸಭೆಯ ಕಾಗದಪತ್ರ ಎಲ್ಲರಿಗೂ ಸಿಗುತ್ತದೆ. ಯಾವ ಇಲಾಖೆ ಯಾವ ನಿಯಮಕ್ಕೆ ಏನು ಪರಿಣಾಮ ಅಂತ ಬರೆದಿದೆ ಅನ್ನುವುದೂ ಅದರಲ್ಲಿ ಇರುತ್ತದೆ. ಇಲಾಖೆ "ಪರಿಣಾಮ ಹೆಚ್ಚಿಲ್ಲ" ಅಂತ ಬರೆದ ಜಾಗದಲ್ಲಿ ನಾನು ನಿಂತು ಓದುತ್ತೇನೆ. ಅವರಿಗೆ ಯಾರೂ ಹೇಳಿರದೇ ಇರಬಹುದು. ಡಿಟರ್ಜೆಂಟ್‌ಗಳ ಹೊಸ ನಿಯಮಕ್ಕೆ 2023ರ ಏಪ್ರಿಲ್‌ನಲ್ಲೇ ಪ್ರಸ್ತಾಪ ಬಂದಿತ್ತು. ಅದಕ್ಕೂ ಎಡ, ಬಲ, ಮೂರನೇ ಕಾಲಮ್ಮಿನ ಹಾಳೆ ಶುರು ಮಾಡಿದ್ದೇನೆ. ಹೋದ ವಾರ ಮಂಗಳೂರಿನ ಅಣ್ಣನ ಅಂಗಡಿಯಿಂದ ಸೋಪಿನ ಪುಡಿಯ ನಾಲ್ಕು ಪೊಟ್ಟಣ ತಂದು ಮೇಜಿನ ಮೇಲೆ ಇಟ್ಟಿದ್ದೇನೆ.